ಶಿಶ್ನದ ಕ್ಯಾನ್ಸರ್: ಅರ್ಧ ಪಾಲು ವೈರಸ್ಸಿನದು, ಉಳಿದರ್ಧ ಯಾವುದರದು?

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಲಸಿಕೆಯ ಸುದ್ದಿ ನಮ್ಮಲ್ಲಿ ಬರುವುದೇ ಹೆಣ್ಣುಮಕ್ಕಳ ಸುದ್ದಿಯಾಗಿ. 2024ರ ಮಧ್ಯಂತರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 9ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ ಹಾಕಿಸಲು ಸರ್ಕಾರ ಉತ್ತೇಜನ ಕೊಡುತ್ತದೆ ಎಂದದ್ದೂ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಮಾತಾಗಿಯೇ. ಆದರೆ ಮೈಸೂರು, ಮಂಡ್ಯದ ಮಕ್ಕಳ ಕ್ಲಿನಿಕ್ಕುಗಳಲ್ಲಿ ವಿಚಾರಿಸಿದರೆ ‘ಗಂಡುಮಕ್ಕಳಿಗೂ ಹಾಕಿಸಬಹುದು’ ಎಂಬ ಉತ್ತರ ಸಿಗುತ್ತದೆ. ಮೊಬೈಲಿನಲ್ಲಂತೂ ಗಂಡಸರ ಶಿಶ್ನದ ಕ್ಯಾನ್ಸರಿಗೂ ಇದೇ ವೈರಸ್ ಕಾರಣ ಎಂಬ ಸಂದೇಶ ಓಡಾಡುತ್ತಿರುತ್ತದೆ. ಹಾಗಾದರೆ ಹುಡುಗರನ್ನು ಬಿಟ್ಟದ್ದೇಕೆ? ಈ ಕಾಯಿಲೆ ಬಂದವರೆಲ್ಲ ವೈರಸ್ ಅಂಟಿಸಿಕೊಂಡವರೇ? ಲಸಿಕೆ ಹಾಕಿಸಿದರೆ ಚಿಂತೆ ಮುಗಿಯಿತೇ?

ಮೂರೂ ಪ್ರಶ್ನೆಗಳ ಉತ್ತರ ಒಂದೇ ಸಂಗತಿಯ ಮೇಲೆ ನಿಂತಿದೆ. ಶಿಶ್ನದ ಕ್ಯಾನ್ಸರಿಗೆ ಎರಡು ದಾರಿಗಳಿವೆ. ಒಂದರಲ್ಲಿ ವೈರಸ್ ಇದೆ, ಇನ್ನೊಂದರಲ್ಲಿ ಇಲ್ಲ. ಲಸಿಕೆ ಮುಚ್ಚುವುದು ಮೊದಲ ದಾರಿಯನ್ನು ಮಾತ್ರ. ಎರಡನೆಯದನ್ನು ಮುಚ್ಚುವ ಕೆಲಸ ಜಿಲ್ಲೆಯ ಸರ್ಜರಿ ವಿಭಾಗದಲ್ಲೇ ಆಗುವಂಥದ್ದು, ಆದರೆ ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಎಷ್ಟು ಜನರ ಕಾಯಿಲೆ

2020ರ ಜಾಗತಿಕ ಅಂದಾಜಿನಲ್ಲಿ ಶಿಶ್ನದ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 36,000. ಅದರಲ್ಲಿ ಭಾರತದ್ದೇ 10,000ಕ್ಕೂ ಹೆಚ್ಚು. ಸಂಖ್ಯೆಯ ಲೆಕ್ಕದಲ್ಲಿ ಬೇರಾವ ದೇಶವೂ ನಮ್ಮನ್ನು ಮೀರಿಸಿಲ್ಲ. ಅದೇ ವರ್ಷ ಭಾರತದಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ತುತ್ತಾದ ಹೆಂಗಸರು ಸುಮಾರು 1.2 ಲಕ್ಷ, ಅಂದರೆ ಗಂಡಸರ ಕಾಯಿಲೆಯ ಹನ್ನೆರಡು ಪಟ್ಟು. ಸರ್ಕಾರದ ಆದ್ಯತೆ ಹುಡುಗಿಯರತ್ತ ವಾಲಿರುವುದಕ್ಕೆ ಮೊದಲ ಕಾರಣ ಈ ಅಂತರ. ಎರಡನೆಯ ಕಾರಣ ಜೀವಶಾಸ್ತ್ರದ್ದು. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳ ಹಿಂದೆಯೂ ಎಚ್‌ಪಿವಿ ಇರುತ್ತದೆ. ಶಿಶ್ನದ ಕ್ಯಾನ್ಸರಿನಲ್ಲಿ ಹಾಗಲ್ಲ.

ವೈರಸ್ ಇರುವ ದಾರಿ

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕ್ಯಾನ್ಸರ್ ತರಬಲ್ಲವು ಹನ್ನೆರಡರಿಂದ ಹದಿನಾಲ್ಕು. ಅವುಗಳಲ್ಲಿ ದೊಡ್ಡ ಅಪರಾಧಿ 16ನೆಯ ಬಗೆ. 6 ಮತ್ತು 11ನೆಯ ಬಗೆಗಳು ಜನನಾಂಗದ ಮೇಲೆ ನರುಳೆ (ನರಹುಲಿ) ಎಬ್ಬಿಸುತ್ತವೆ; ಆ ನರುಳೆಗಳು ಸಾಮಾನ್ಯವಾಗಿ ಕ್ಯಾನ್ಸರಾಗುವುದಿಲ್ಲ. ನರುಳೆ ಕಂಡು ಕಂಗಾಲಾಗುವವರು ತಿಳಿದಿರಬೇಕಾದ ಮೊದಲ ವಿಷಯ ಇದು.

ವೈರಸ್ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಆದ್ದರಿಂದಲೇ ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಸೋಂಕು ಬಹಳ ಸಾಮಾನ್ಯ: ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ 15 ವರ್ಷ ದಾಟಿದ ಗಂಡಸರಲ್ಲಿ ಮೂವರಲ್ಲೊಬ್ಬರಿಗೆ ಯಾವುದಾದರೂ ಒಂದು ಬಗೆ, ಐವರಲ್ಲೊಬ್ಬರಿಗೆ ಅಪಾಯದ ಬಗೆ ಅಂಟಿರುತ್ತದೆ. ಅಮೆರಿಕ, ಬ್ರೆಜಿಲ್, ಮೆಕ್ಸಿಕೋದ ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಸೋಂಕುಗಳು ಏಳೂವರೆ ತಿಂಗಳೊಳಗೇ ಹೋಗಿಬಿಟ್ಟಿದ್ದವು. ಅಂದರೆ ಬಹುಪಾಲು ಜನರಲ್ಲಿ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಅಪಾಯ ಇರುವುದು ಹೋಗದೆ ಉಳಿದವರಲ್ಲಿ. ವೈರಸ್ಸಿನ ಇ6 ಎಂಬ ಪ್ರೋಟೀನು ಜೀವಕೋಶದ ಕಾವಲುಗಾರನಾದ ಪಿ53ಅನ್ನು ನಾಶ ಮಾಡುತ್ತದೆ, ಇ7 ಎಂಬುದು ಕೋಶ ವಿಭಜನೆಗೆ ತಡೆಯೊಡ್ಡುವ ಆರ್‌ಬಿ ಪ್ರೋಟೀನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕೆಟ್ಟ ಡಿಎನ್‌ಎ ಇಟ್ಟುಕೊಂಡೇ ಕೋಶ ಇಮ್ಮಡಿಯಾಗುತ್ತಾ ಹೋಗುತ್ತದೆ. ಮೊದಲು ಮೇಲ್ಪದರದಲ್ಲೇ ಕೆಂಪು, ಮಖಮಲ್ಲಿನಂಥ ಮಚ್ಚೆ; ವರ್ಷಗಳ ನಂತರ ಆಳಕ್ಕಿಳಿಯುವ ಗೆಡ್ಡೆ.

ಎಷ್ಟು ಪಾಲು? ಲೋಕದ ಬೇರೆಬೇರೆ ಅಧ್ಯಯನಗಳನ್ನು ಒಟ್ಟು ಮಾಡಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಶಿಶ್ನದ ಕ್ಯಾನ್ಸರಿನ ತುಂಡುಗಳಲ್ಲಿ 50.8 ಶೇಕಡದಲ್ಲಿ ಎಚ್‌ಪಿವಿ ಡಿಎನ್‌ಎ ಸಿಕ್ಕಿತ್ತು. ಕ್ಯಾನ್ಸರಿಗೆ ಮುಂಚಿನ ಹಂತದ ಮಚ್ಚೆಗಳಲ್ಲಿ 79.8 ಶೇಕಡ. ವೈರಸ್ ಸಿಕ್ಕವರಲ್ಲಿ ಮೂರರಲ್ಲಿ ಎರಡು ಪಾಲು 16ನೆಯ ಬಗೆ. ಆದರೆ ಡಿಎನ್‌ಎ ಸಿಕ್ಕಿತು ಎಂದಮಾತ್ರಕ್ಕೆ ಅದೇ ಕ್ಯಾನ್ಸರ್ ತಂದಿತು ಎನ್ನುವಂತಿಲ್ಲ, ಸುಮ್ಮನೆ ಅಲ್ಲಿದ್ದಿರಲೂಬಹುದು. ವೈರಸ್ ನಿಜಕ್ಕೂ ಕೆಲಸ ಮಾಡಿದೆ ಎಂಬುದನ್ನು ತೋರಿಸುವ ಪಿ16 ಪರೀಕ್ಷೆ ಅದೇ ವಿಶ್ಲೇಷಣೆಯಲ್ಲಿ ಪಾಸಿಟಿವ್ ಬಂದದ್ದು 41.6 ಶೇಕಡದಲ್ಲಿ ಮಾತ್ರ. ಹಾಗಾಗಿ ‘ಅರ್ಧ’ ಎಂಬುದನ್ನು ಗರಿಷ್ಠ ಮಿತಿ ಎಂದು ಓದಿಕೊಳ್ಳುವುದು ಒಳ್ಳೆಯದು.

ವೈರಸ್ ಇಲ್ಲದ ದಾರಿ

ಮುಂದೊಗಲು ಹಿಂದೆ ಸರಿಯದೆ ಬಿಗಿಯಾಗಿರುವುದನ್ನು ಫೈಮೋಸಿಸ್ ಎನ್ನುತ್ತಾರೆ. ಹುಟ್ಟಿದ ಮಕ್ಕಳಲ್ಲಿ ಇದು ಸಹಜ, ಕಾಯಿಲೆಯಲ್ಲ. ಬೆಳೆಯುತ್ತಾ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹದಿನೇಳು ವಯಸ್ಸಿನ ಹೊತ್ತಿಗೆ ಬಿಗಿ ಉಳಿಯುವುದು ನೂರರಲ್ಲಿ ಒಬ್ಬರಲ್ಲಿ. ಸ್ನಾನ ಮಾಡಿಸುವಾಗ ಪುಟ್ಟ ಮಗುವಿನ ಚರ್ಮವನ್ನು ಬಲವಂತವಾಗಿ ಎಳೆಯುವುದು ತಪ್ಪು: ಸೀಳುತ್ತದೆ, ಮಾಯುವಾಗ ಗಾಯದ ಕಲೆ ಕಟ್ಟಿಕೊಂಡು ಇಲ್ಲದ ಬಿಗಿ ಹುಟ್ಟುತ್ತದೆ.

ದೊಡ್ಡವರಲ್ಲಿ ಉಳಿದ ಅಥವಾ ಹೊಸದಾಗಿ ಬಂದ ಬಿಗಿಯೇ ತೊಂದರೆಯ ಮೂಲ. ಒಳಗೆ ಬಿಳಿ ಮಡ್ಡಿ, ಮೂತ್ರದ ತೇವ, ಸೋಂಕು ಎಲ್ಲ ಸೇರಿ ಚರ್ಮ ಸದಾ ಉರಿಯುತ್ತಿರುತ್ತದೆ. ಮಡ್ಡಿಯೇ ಕ್ಯಾನ್ಸರ್‌ಕಾರಕ ಎಂದು ಹಿಂದೆ ನಂಬಿದ್ದರು, ಅದು ಸಾಬೀತಾಗಿಲ್ಲ. ವರ್ಷಗಟ್ಟಲೆ ಆರದ ಉರಿಯೂತದ್ದೇ ದೋಷ. ಉರಿಯೂತದಲ್ಲಿ ಕೋಶಗಳು ಮತ್ತೆ ಮತ್ತೆ ಸಾಯುತ್ತವೆ, ಮತ್ತೆ ಮತ್ತೆ ಹುಟ್ಟುತ್ತವೆ. ಹುಟ್ಟಿದಷ್ಟೂ ಡಿಎನ್‌ಎ ನಕಲಿನಲ್ಲಿ ತಪ್ಪು ಸೇರಿಕೊಳ್ಳುವ ಅವಕಾಶ ಹೆಚ್ಚು. ವೈರಸ್ ದಾರಿಯಲ್ಲಿ ಇ6 ಮಾಡುವ ಕೆಲಸವನ್ನು ಇಲ್ಲಿ ಪಿ53 ಜೀನ್ ತಾನೇ ಕೆಟ್ಟು ಮಾಡಿಕೊಳ್ಳುತ್ತದೆ. ಲೈಕನ್ ಸ್ಕ್ಲೀರೋಸಸ್ ಎಂಬ ಚರ್ಮರೋಗವೂ ಇದೇ ಸಾಲಿನದು. ಚರ್ಮ ಬಿಳಿಚಿ, ಕಾಗದದಂತೆ ತೆಳುವಾಗಿ, ಮುಂದೊಗಲಿನ ಬಾಯಿ ಬಿಳಿ ಉಂಗುರದಂತೆ ಕಿರಿದಾಗುತ್ತದೆ.

ಸಕ್ಕರೆ ಕಾಯಿಲೆಯ ಕೊಂಡಿಯನ್ನು ಇಲ್ಲಿ ಹೇಳಲೇಬೇಕು. ಮೂತ್ರದಲ್ಲಿ ಸಕ್ಕರೆ ಹೋಗುವಾಗ ಮುಂದೊಗಲಿನೊಳಗೆ ಶಿಲೀಂಧ್ರ ಬೆಳೆಯುತ್ತದೆ, ಅಂಚು ಬಿರುಕು ಬಿಡುತ್ತದೆ, ಬಿರುಕು ಮಾಯ್ದು ಚರ್ಮ ಬಿಗಿಯಾಗುತ್ತದೆ. ನಲವತ್ತೈದು ಐವತ್ತರಲ್ಲಿ ‘ಮುಂಚೆ ಸರಿಯುತ್ತಿತ್ತು, ಈಗ ಸರಿಯುತ್ತಿಲ್ಲ’ ಎನ್ನುವವರ ರಕ್ತದ ಸಕ್ಕರೆ ನೋಡದೆ ಬಿಡಬಾರದು. ಈಚೆಗೆ ಹೆಚ್ಚು ಬಳಕೆಯಲ್ಲಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುವಂಥವು. ಅವನ್ನು ನುಂಗುವವರಲ್ಲಿ ಈ ಶಿಲೀಂಧ್ರದ ಸೋಂಕು ಹೆಚ್ಚು. ಹಾಗೆಂದು ಮಾತ್ರೆ ನಿಲ್ಲಿಸುವುದಲ್ಲ, ವೈದ್ಯರಿಗೆ ತಿಳಿಸಬೇಕು.

ಇನ್ನು ತಂಬಾಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ಬೆಳೆದದ್ದು ಹರಾಜು ಕಟ್ಟೆಯಿಂದ ಬೇರೆ ಊರಿಗೆ ಹೋಗುತ್ತದೆ, ಬೀಡಿ, ಸಿಗರೇಟು, ಹೊಗೆಸೊಪ್ಪು ಊರಲ್ಲೇ ಉಳಿಯುತ್ತವೆ. ಮದ್ರಾಸಿನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ ಸೇದುವವರಲ್ಲಷ್ಟೇ ಅಲ್ಲ, ಅಗಿಯುವವರಲ್ಲೂ ನಶ್ಯ ಏರಿಸುವವರಲ್ಲೂ ಶಿಶ್ನದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ತೋರಿಸಿತ್ತು. ತಂಬಾಕು ಎರಡೂ ದಾರಿಗೆ ಎಣ್ಣೆ ಸುರಿಯುತ್ತದೆ: ಚರ್ಮದ ಕೋಶಗಳನ್ನು ಕೆಡಿಸುತ್ತದೆ, ವೈರಸ್ಸನ್ನು ಓಡಿಸಬೇಕಾದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ.

ಬಯಾಪ್ಸಿ ವರದಿಯಲ್ಲಿ ಏನು ನೋಡಬೇಕು

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೆಡ್ಡೆಗಳ ವರ್ಗೀಕರಣವೇ ಬದಲಾಯಿತು. ಶಿಶ್ನದ ಕ್ಯಾನ್ಸರನ್ನು ಈಗ ‘ಎಚ್‌ಪಿವಿ ಸಂಬಂಧಿತ’ ಮತ್ತು ‘ಎಚ್‌ಪಿವಿ ಸಂಬಂಧವಿಲ್ಲದ’ ಎಂದು ಎರಡಾಗಿ ಬರೆಯುತ್ತಾರೆ. ವರದಿಯಲ್ಲಿ ಬೇಸಲಾಯ್ಡ್, ವಾರ್ಟಿ ಎಂದಿದ್ದರೆ ಹೆಚ್ಚಾಗಿ ಮೊದಲ ಗುಂಪು. ಕೆರಟಿನೈಸಿಂಗ್, ವೆರುಕಸ್ ಎಂದಿದ್ದರೆ ಹೆಚ್ಚಾಗಿ ಎರಡನೆಯದು. ತೀರ್ಮಾನಿಸುವುದು ಪಿ16 ಬಣ್ಣದ ಪರೀಕ್ಷೆ. ಇ7 ಪ್ರೋಟೀನು ಆರ್‌ಬಿಯನ್ನು ಕಟ್ಟಿಹಾಕಿದಾಗ ಕೋಶದಲ್ಲಿ ಪಿ16 ಉಕ್ಕುತ್ತದೆ. ಪಟ್ಟಿಯಂತೆ ಒಂದೇ ಸಮ ಗಾಢ ಬಣ್ಣ ಬಂದರೆ ಪಾಸಿಟಿವ್. ಅಲ್ಲಲ್ಲಿ ಚುಕ್ಕೆಯಂತೆ ಬಂದದ್ದನ್ನು ಪಾಸಿಟಿವ್ ಎನ್ನಬಾರದು.

ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ? ಸದ್ಯಕ್ಕೆ ಇಲ್ಲ. ಪಾಸಿಟಿವ್ ಇರುವವರು ಒಟ್ಟಾರೆ ತುಸು ಚೆನ್ನಾಗಿ ಬದುಕುಳಿಯುತ್ತಾರೆ ಎಂಬ ಸೂಚನೆಗಳಿವೆ. ಆದರೆ ಯಾವ ಆಪರೇಷನ್, ಎಷ್ಟು ಎಂಬುದನ್ನು ಹೇಳುವುದು ಗೆಡ್ಡೆಯ ಆಳ ಮತ್ತು ತೊಡೆಸಂದಿನ ಗ್ರಂಥಿಗಳು. ವರದಿಯ ಇನ್ನೊಂದು ಉಪಯೋಗ ಮನೆಯೊಳಗಿನದು. ಪಿ16 ನೆಗೆಟಿವ್ ಬಂದರೆ ‘ಎಲ್ಲಿಂದ ತಂದೆ’ ಎಂಬ ಪ್ರಶ್ನೆಗೆ ಆಧಾರವೇ ಇಲ್ಲ. ಪಾಸಿಟಿವ್ ಬಂದರೂ ಸೋಂಕು ತಗುಲಿದ್ದು ಯಾವ ವರ್ಷ, ಯಾರಿಂದ ಎಂದು ಹೇಳುವ ಪರೀಕ್ಷೆ ಇಲ್ಲ; ಮದುವೆಗೆ ಮುಂಚಿನದೂ ಇರಬಹುದು, ದಶಕಗಳ ಹಿಂದಿನದೂ ಇರಬಹುದು.

ಹುಡುಗರಿಗೆ ಲಸಿಕೆ: ವಾದ, ಪ್ರತಿವಾದ

ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 6, 11, 16, 18ನೆಯ ಬಗೆಗಳನ್ನು ತಡೆಯುತ್ತದೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸು, 15ರಿಂದ 26ರವರೆಗೆ ಮೂರು ಡೋಸು. ಒಂಬತ್ತು ಬಗೆಗಳನ್ನು ತಡೆಯುವ ವಿದೇಶಿ ಲಸಿಕೆಗೆ ಖಾಸಗಿಯಲ್ಲಿ ಡೋಸೊಂದಕ್ಕೆ ಹತ್ತು ಸಾವಿರದ ಆಸುಪಾಸು.

‘ಮೊದಲು ಹುಡುಗಿಯರು’ ಎನ್ನುವವರ ಲೆಕ್ಕ ಸರಳ. ಹುಡುಗಿಯರಲ್ಲಿ ನೂರಕ್ಕೆ ಎಂಬತ್ತರಷ್ಟು ಜನಕ್ಕೆ ಲಸಿಕೆ ಮುಟ್ಟಿದರೆ ಹುಡುಗರಿಗೆ ವೈರಸ್ ದಾಟುವ ದಾರಿಯೇ ಕಡಿಮೆಯಾಗುತ್ತದೆ. ಇರುವ ಹಣದಲ್ಲಿ ಹೆಚ್ಚು ಜೀವ ಉಳಿಯುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ನಿಲುವೂ ಇದೇ: 9ರಿಂದ 14ರ ಹುಡುಗಿಯರು ಮುಖ್ಯ ಗುರಿ, ಹುಡುಗರು ಆ ಮೇಲೆ, ಕೈಗೆಟಕಿದರೆ. ಒಂದೇ ಡೋಸು ಸಾಕು ಎಂಬ ಪುರಾವೆಯ ದೊಡ್ಡ ಭಾಗ ಬಂದದ್ದೂ ಭಾರತದ ಹುಡುಗಿಯರಿಂದ. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಉಳಿದುಕೊಳ್ಳುವ 16, 18ರ ಸೋಂಕಿನ ವಿರುದ್ಧ ಒಂದು ಡೋಸಿನ ರಕ್ಷಣೆ 95.4 ಶೇಕಡ. ಈ ಪುರಾವೆ ಹುಡುಗಿಯರದ್ದಾದ್ದರಿಂದ ಒಂದು ಡೋಸಿನ ಮಾತನ್ನು ಹುಡುಗರಿಗೆ ನೇರವಾಗಿ ಹೊಂದಿಸಿಕೊಳ್ಳಬೇಡಿ.

ಇಬ್ಬರಿಗೂ ಬೇಕು ಎನ್ನುವವರು ಆಸ್ಟ್ರೇಲಿಯಾ 2013ರಲ್ಲಿ, ಬ್ರಿಟನ್ 2019ರಲ್ಲಿ ಹುಡುಗರನ್ನೂ ಸೇರಿಸಿಕೊಂಡದ್ದನ್ನು ತೋರಿಸುತ್ತಾರೆ. ಹುಡುಗಿಯರ ಲಸಿಕೆ ಒಂದೆರಡು ವರ್ಷ ಕುಂಟಿದರೂ ರಕ್ಷಣೆ ಕುಸಿಯದಿರಲು ಹುಡುಗರೂ ಬೇಕು, ಗಂಡಸರೊಡನೆ ಸಂಬಂಧವಿರುವ ಗಂಡಸರಿಗೆ ಹುಡುಗಿಯರ ಲಸಿಕೆಯಿಂದ ಪ್ರಯೋಜನವಿಲ್ಲ, ಗಂಟಲ ಕ್ಯಾನ್ಸರಿನಲ್ಲೂ ಗುದದ್ವಾರದ ಕ್ಯಾನ್ಸರಿನಲ್ಲೂ ಇದೇ ವೈರಸ್ ಇದೆ ಎಂಬುದು ಇವರ ವಾದ. ನಿಜ. ಜತೆಗೆ ಇನ್ನೊಂದು: ಮೈಸೂರಿನಲ್ಲಿ ಎಚ್‌ಪಿವಿ ಲಸಿಕೆಯ ಬಗ್ಗೆ ಪೋಷಕರ ಅಭಿಪ್ರಾಯ ಕೇಳಿ 2009ರಲ್ಲಿ ಪ್ರಕಟವಾದ ಅಧ್ಯಯನವೂ ಕೇಳಿದ್ದು ಹೆಣ್ಣುಮಕ್ಕಳ ತಂದೆತಾಯಿಯರನ್ನು. ವೈರಸ್ ಇಬ್ಬರಲ್ಲೂ ಇದ್ದು ಪ್ರಶ್ನೆ ಒಬ್ಬರಿಗೇ ಹೋಗುವುದು ಹಳೆಯ ರೂಢಿ.

ಆದರೆ ಶಿಶ್ನದ ಕ್ಯಾನ್ಸರಿನ ಹೆಸರಿನಲ್ಲಿ ಲಸಿಕೆ ಮಾರುವವರ ಮಾತನ್ನು ತೂಗಿ ನೋಡಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಂಡಸರಿಗೆ ಒಪ್ಪಿಕೊಂಡಿರುವ ಉಪಯೋಗಗಳಲ್ಲಿ ಗುದದ್ವಾರದ ಕ್ಯಾನ್ಸರ್, ಗಂಟಲ ಕ್ಯಾನ್ಸರ್, ನರುಳೆ ಇವೆ. ಶಿಶ್ನದ ಕ್ಯಾನ್ಸರ್ ಇಲ್ಲ. ಲಸಿಕೆ ಕೆಲಸ ಮಾಡದು ಎಂದಲ್ಲ. 4,065 ಯುವಕರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಲ್ಲ ಡೋಸು ಪಡೆದ, ಮೊದಲೇ ಸೋಂಕಿಲ್ಲದವರಲ್ಲಿ ಜನನಾಂಗದ ಗಾಯ, ನರುಳೆಗಳ ವಿರುದ್ಧ ರಕ್ಷಣೆ 90.4 ಶೇಕಡ ಇತ್ತು. ಆದರೆ ಲಕ್ಷ ಗಂಡಸರಲ್ಲಿ ವರ್ಷಕ್ಕೆ ಒಬ್ಬರಿಬ್ಬರಿಗೆ, ಅದೂ ಐವತ್ತು ಅರವತ್ತರ ಸುಮಾರಿಗೆ ಬರುವ ಕ್ಯಾನ್ಸರನ್ನು ಕೆಲವೇ ವರ್ಷಗಳ ಪ್ರಯೋಗದಲ್ಲಿ ಹಿಡಿಯಲಾಗದು. ಪರಿಣಾಮ ಏನೆಂದರೆ, ಇಂದು ಹನ್ನೆರಡರ ಹುಡುಗನಿಗೆ ಹಾಕಿಸಿದ ಲಸಿಕೆಯ ಫಲ ಈ ಕಾಯಿಲೆಯ ಮಟ್ಟಿಗೆ ಕಾಣುವುದು 2060ರ ಆಚೆ. ಅವನ ಅಪ್ಪನಿಗೆ, ಚಿಕ್ಕಪ್ಪನಿಗೆ ಅದರಿಂದ ಏನೂ ಇಲ್ಲ. ಆಗಲೇ ಇರುವ ಸೋಂಕನ್ನು ಲಸಿಕೆ ವಾಸಿ ಮಾಡುವುದಿಲ್ಲ.

ಸುನ್ನತಿಯ ಮಾತು

ಎಳವೆಯಲ್ಲೇ ಸುನ್ನತಿ ಆಗುವ ಸಮುದಾಯಗಳಲ್ಲಿ ಈ ಕ್ಯಾನ್ಸರ್ ಬಹಳ ಅಪರೂಪ. ಮುಖ್ಯ ಕಾರಣ, ಫೈಮೋಸಿಸ್ ಹುಟ್ಟಲು ಚರ್ಮವೇ ಇರುವುದಿಲ್ಲ. ಉಗಾಂಡಾದ ಪ್ರಯೋಗವೊಂದರಲ್ಲಿ ಅಪಾಯದ ಎಚ್‌ಪಿವಿಯೂ ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ದೊಡ್ಡವರಾದ ಮೇಲೆ ಮಾಡಿಸಿದರೆ ಅಷ್ಟು ರಕ್ಷಣೆ ಇಲ್ಲ, ಅಷ್ಟರಲ್ಲಿ ಉರಿಯೂತ ತನ್ನ ಕೆಲಸ ಮುಗಿಸಿರಬಹುದು. ಚರ್ಮ ಸಲೀಸಾಗಿ ಸರಿಯುವವನಿಗೆ ಇದರ ಅಗತ್ಯವಿಲ್ಲ. ದಿನಾ ಸ್ನಾನದಲ್ಲಿ ಹಿಂದೆ ಸರಿಸಿ ನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಮುಂದಕ್ಕೆ ತಂದರೆ ಸಾಕು. ಮುಂದಕ್ಕೆ ತರುವುದನ್ನು ಮರೆತರೆ ಉಂಗುರದಂತೆ ಬಿಗಿದು ತುದಿ ಊದಿಕೊಳ್ಳುತ್ತದೆ; ಅದು ತುರ್ತು ಚಿಕಿತ್ಸೆಯ ವಿಷಯ.

ಎಲ್ಲಿ ತಡವಾಗುತ್ತದೆ, ಎಲ್ಲಿ ತಪ್ಪುತ್ತದೆ

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಸ್ಥಿತಿಗೆ ಈ ಕಾಯಿಲೆ ತಲುಪುವುದು ಹಂತಹಂತವಾಗಿ. ಮೊದಲ ಹಂತ ಮೆಡಿಕಲ್ ಶಾಪ್. ತುರಿಕೆ, ಕೆಂಪು ಎಂದೊಡನೆ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರೂ ಬೆರೆತ ಟ್ಯೂಬು ಕೈಗೆ ಬರುತ್ತದೆ. ಹಚ್ಚಿದ ವಾರದಲ್ಲಿ ಉರಿ ತಗ್ಗುತ್ತದೆ, ಬಿಟ್ಟ ವಾರದಲ್ಲಿ ಮರಳುತ್ತದೆ. ಗಾಯ ಒಳಗೇ ಬೆಳೆಯುತ್ತಿರುತ್ತದೆ. ಈ ಕ್ಯಾನ್ಸರ್ ಶುರುವಿನಲ್ಲಿ ನೋಯುವುದಿಲ್ಲವಾದ್ದರಿಂದ ಗಂಡಸು ಸುಮ್ಮನಿರುತ್ತಾನೆ. ಚರ್ಮ ಸರಿಯದವನಿಗಂತೂ ಅದು ಕಾಣುವುದೇ ಇಲ್ಲ. ಕೆಟ್ಟ ವಾಸನೆಯ ಸ್ರಾವ, ಒಳ ಉಡುಪಿನಲ್ಲಿ ರಕ್ತದ ಕಲೆ, ಚರ್ಮದ ಮೇಲಿನಿಂದ ಕೈಗೆ ಸಿಗುವ ಗಟ್ಟಿ, ಇವೇ ಸುಳಿವು.

ಎರಡನೆಯದು, ಬಯಾಪ್ಸಿ ಇಲ್ಲದೆ ‘ನರುಳೆ’ ಎಂದು ಸುಟ್ಟುಬಿಡುವುದು. ವೆರುಕಸ್ ಬಗೆಯ ಕ್ಯಾನ್ಸರ್ ನೋಡಲು ಹೂಕೋಸಿನಂಥ ನರುಳೆಯೇ. ಮೇಲ್ಮೇಲೆ ಕೆರೆದು ತೆಗೆದ ತುಂಡಿನಲ್ಲೂ ಅದು ಸಾಧುವಾಗಿಯೇ ಕಾಣುತ್ತದೆ. ಆಳ ತಿಳಿಯಬೇಕಾದರೆ ಗಾಯದ ಅಂಚಿನಿಂದ, ಕೆಳಗಿನ ಪದರವೂ ಸೇರುವಂತೆ ತುಂಡು ತೆಗೆಯಬೇಕು.

ಮೂರನೆಯದು ತೀರ ಸಣ್ಣದಾಗಿ ಕಾಣುತ್ತದೆ. ಮಧ್ಯವಯಸ್ಕರ ಫೈಮೋಸಿಸ್ ಆಪರೇಷನ್ನಿನಲ್ಲಿ ತೆಗೆದ ಚರ್ಮವನ್ನು ಎಸೆಯುವುದು. ಅರ್ಧ ಮುಕ್ಕಾಲು ಗಂಟೆಯ ಆಪರೇಷನ್ ಇದು, ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕು, ಹೊಲಿಗೆ ಎರಡು ಮೂರು ವಾರದಲ್ಲಿ ಕರಗುತ್ತದೆ, ನಾಲ್ಕರಿಂದ ಆರು ವಾರ ಸಂಭೋಗ ಬೇಡ. ತೆಗೆದ ಚರ್ಮವನ್ನು ಅದರ ಹತ್ತರಷ್ಟು ಪ್ರಮಾಣದ ಫಾರ್ಮಲಿನ್‌ನಲ್ಲಿ ಮುಳುಗಿಸಿ ಪೆಥಾಲಜಿಗೆ ಕಳಿಸಬೇಕು. ಸಲೈನಿನಲ್ಲಿ ಹಾಕಿಟ್ಟರೆ ಕೋಶ ಕೊಳೆತು ಓದಲು ಬರುವುದಿಲ್ಲ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಸರ್ಜರಿ, ಪೆಥಾಲಜಿ ಎರಡೂ ವಿಭಾಗಗಳಿವೆ. ‘ತುಂಡನ್ನು ಪರೀಕ್ಷೆಗೆ ಕಳಿಸಿದ್ದೀರಾ ಸರ್’ ಎಂದು ಮನೆಯವರು ಕೇಳಿದರೆ ತಪ್ಪೇನಿಲ್ಲ.

ನಾಲ್ಕನೆಯದು ತೊಡೆಸಂದಿನ ಗಂಟು. ‘ಸೋಂಕಿನ ಗಂಟು, ಆರು ವಾರ ಆಂಟಿಬಯಾಟಿಕ್ ಕೊಟ್ಟು ನೋಡೋಣ’ ಎಂಬುದು ಹಳೆಯ ಪದ್ಧತಿ. ಈಗ ಅದಕ್ಕೆ ಕಾಯುವುದಿಲ್ಲ, ಸೂಜಿ ಹಾಕಿ ಪರೀಕ್ಷಿಸುತ್ತಾರೆ. ಗಂಟು ಕೈಗೆ ಸಿಗದಿದ್ದರೂ ನಾಲ್ವರಲ್ಲೊಬ್ಬರವರೆಗೆ ಕಣ್ಣಿಗೆ ಕಾಣದ ಹರಡುವಿಕೆ ಇರುತ್ತದೆ. ಆದ್ದರಿಂದಲೇ ಆಳಕ್ಕಿಳಿದ ಗೆಡ್ಡೆ ಇರುವವರ ತೊಡೆಸಂದಿನ ಗ್ರಂಥಿಗಳನ್ನೂ ತೆಗೆದು ನೋಡುವುದು. ಗ್ರಂಥಿಗೆ ಹರಡದವರಲ್ಲಿ ನೂರಕ್ಕೆ 85ರ ಆಸುಪಾಸು ಜನ ಐದು ವರ್ಷ ದಾಟುತ್ತಾರೆ; ಕಿಬ್ಬೊಟ್ಟೆಯೊಳಗಿನ ಗ್ರಂಥಿಗೆ ತಲುಪಿದ್ದರೆ 20ಕ್ಕಿಂತ ಕಡಿಮೆ.

ಅಂಗ ಉಳಿಯುತ್ತದೆಯೇ

ಬಹುತೇಕರು ಆಸ್ಪತ್ರೆ ತಪ್ಪಿಸಲು ಕಾರಣ ಈ ಭಯ. ಮೇಲ್ಪದರದಲ್ಲೇ ಇದ್ದರೆ ಕ್ರೀಮು, ಲೇಸರ್ ಅಥವಾ ಆ ಭಾಗದ ಚರ್ಮವನ್ನಷ್ಟೇ ತೆಗೆಯುವುದು ಸಾಕು. ಹಿಂದೆ ಗೆಡ್ಡೆಯ ಸುತ್ತ ಎರಡು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಕತ್ತರಿಸುತ್ತಿದ್ದರು, ಈಗ ಕೆಲವು ಮಿಲಿಮೀಟರ್ ಸಾಕು ಎಂದು ಗೊತ್ತಾಗಿದೆ. ತುದಿಯಷ್ಟೇ ಹೋದರೆ ನಿಂತು ಮೂತ್ರ ಮಾಡಲು ಅಡ್ಡಿಯಿಲ್ಲ, ದಾಂಪತ್ಯವೂ ಹಲವರಲ್ಲಿ ಉಳಿಯುತ್ತದೆ. ಪೂರ್ತಿ ತೆಗೆಯಬೇಕಾಗುವುದು ತಡವಾಗಿ ಬಂದವರಿಗೆ. ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಾದ್ದರಿಂದ ಆಗ ಮೂರು ತಿಂಗಳಿಗೊಮ್ಮೆ, ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ ತಪಾಸಣೆ. ಪ್ರತಿ ಸಲವೂ ಎರಡೂ ತೊಡೆಸಂದು ಮುಟ್ಟಿ ನೋಡಬೇಕು.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ ಪಡೆದುಕೊಳ್ಳಿ.

ಗಂಡನ ಪಿ16 ವರದಿ ಪಾಸಿಟಿವ್ ಬಂದಿದ್ದರೆ ಹೆಂಡತಿಯೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು. 30ರಿಂದ 65 ವರ್ಷದ ಹೆಂಗಸರಿಗೆ ಆಸಿಟಿಕ್ ಆಮ್ಲ ಹಚ್ಚಿ ನೋಡುವ ವಿಐಎ ಪರೀಕ್ಷೆ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ, ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ಕ್ಲಿನಿಕ್ಕಿನಲ್ಲಿ ಕೇಳಬೇಕು. ವರದಿ ನೆಗೆಟಿವ್ ಇದ್ದರೂ ಐದು ವರ್ಷಕ್ಕೊಮ್ಮೆ ಆಗಬೇಕಾದ ಆ ತಪಾಸಣೆ ತಪ್ಪುವುದಿಲ್ಲ. ಗಂಡಸಿನಲ್ಲಿ ವೈರಸ್ ಇದೆಯೇ ಎಂದು ಮುಂಚಿತವಾಗಿ ಹುಡುಕುವಂಥ ಮಾನ್ಯತೆ ಪಡೆದ ಪರೀಕ್ಷೆ ಇಲ್ಲ. ಅವನಿಗಿರುವ ಪರೀಕ್ಷೆ ಬೆಳಕಿನಲ್ಲಿ ಚರ್ಮ ಸರಿಸಿ ನೋಡಿಕೊಳ್ಳುವುದು. ಮೂರು ನಾಲ್ಕು ವಾರದಲ್ಲಿ ಮಾಯದ ಏನೇ ಕಂಡರೂ, ಅಥವಾ ಚರ್ಮ ಸರಿಯದೆ ಏನೂ ಕಾಣದಿದ್ದರೂ, ಸರ್ಜರಿ ಅಥವಾ ಯೂರಾಲಜಿ ಹೊರರೋಗಿ ವಿಭಾಗಕ್ಕೆ ಹೋಗಿ ತೋರಿಸುವುದು.